ಬೇಲಿ ಕಾಣದ ಮೂರು ಹೊಲಗಳು: ಲ್ಯಾಕ್ಸ್‌ಟನ್ ಎಂಬ ಇಂಗ್ಲಿಷ್ ಹಳ್ಳಿಯ ಚರಿತ್ರೆ

ಮಾನ್ಯರೇ,

ನಮ್ಮ ಪಹಣಿಗಳಲ್ಲಿ ಜಮೀನಿನ ವಿಸ್ತೀರ್ಣವನ್ನು ಎಕರೆ ಮತ್ತು ಗುಂಟೆಗಳಲ್ಲಿ ಬರೆಯುತ್ತಾರೆ. ನಲವತ್ತು ಗುಂಟೆಗೆ ಒಂದು ಎಕರೆ ಎಂಬುದು ಹಳ್ಳಿಯಲ್ಲಿ ಶಾಲೆಗೆ ಹೋಗದವರಿಗೂ ಗೊತ್ತಿರುವ ಲೆಕ್ಕ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. ಈ 33 ಅಡಿ ಇಂಗ್ಲೆಂಡಿನ ಮೋಜಣಿದಾರರ 66 ಅಡಿ ಸರಪಳಿಯ ಸರಿ ಅರ್ಧ. ಆ ಸರಪಳಿಯನ್ನು 1620ರಲ್ಲಿ ಎಡ್ಮಂಡ್ ಗುಂಟರ್ ಎಂಬ ಗಣಿತಜ್ಞ ರೂಢಿಗೆ ತಂದ. ಅದರ ಹತ್ತು ಉದ್ದ ಮತ್ತು ಒಂದು ಅಗಲ, ಅಂದರೆ 660 ಅಡಿಗೆ 66 ಅಡಿ, ಒಂದು ಎಕರೆಯಾಗುತ್ತದೆ. ಇಷ್ಟು ಉದ್ದವಾಗಿ, ಇಷ್ಟು ಕಿರಿದಾಗಿ ಒಂದು ತುಂಡು ನೆಲವನ್ನು ಯಾರಾದರೂ ಏಕೆ ಅಳೆಯಬೇಕು ಎಂಬ ಪ್ರಶ್ನೆಗೆ ಸರಪಳಿಯಲ್ಲಿ ಉತ್ತರವಿಲ್ಲ, ನೇಗಿಲಿನಲ್ಲಿದೆ. ಎತ್ತುಗಳು ದಣಿದು ನಿಲ್ಲುವ ಮೊದಲು ಒಂದೇ ಎಳೆತದಲ್ಲಿ ಕೊರೆಯಬಲ್ಲ ಸಾಲಿನ ಉದ್ದವೇ 660 ಅಡಿ. ಅಂಥ ಸಾಲುಗಳನ್ನು ಒಂದರ ಪಕ್ಕ ಒಂದರಂತೆ ಒಂದು ದಿನದಲ್ಲಿ ಎಷ್ಟು ಕೊರೆಯಬಹುದೋ ಅದೇ 66 ಅಡಿ. ನಮ್ಮ ಕಂದಾಯ ದಾಖಲೆಯ ಎಕರೆ ಹೀಗೆ ಯಾವುದೋ ಮಧ್ಯಯುಗದ ಇಂಗ್ಲಿಷ್ ಹೊಲದ ಒಂದು ದಿನದ ಉಳುಮೆ.

ಅಂಥ ಪಟ್ಟೆಗಳಿದ್ದ ಹೊಲಗಳು ಇಂಗ್ಲೆಂಡಿನ ನಡುನಾಡಿನಲ್ಲಿ ಒಂದು ಕಾಲಕ್ಕೆ ಊರೂರಿಗೂ ಇದ್ದವು. ಈಗ ಅವು ತಮ್ಮ ಹಳೆಯ ಕಟ್ಟಳೆಯ ಸಮೇತ ಒಂದೇ ಊರಿನಲ್ಲಿ ಉಳಿದಿವೆ. ಆ ಊರು ನಾಟಿಂಗ್‌ಹ್ಯಾಮ್‌ಶೈರ್ ಜಿಲ್ಲೆಯ ಲ್ಯಾಕ್ಸ್‌ಟನ್. ಒಂದು ಹಳೆಯ ವಸ್ತು ಉಳಿದಾಗ ಅದನ್ನು ಜನರ ಅಭಿಮಾನ ಉಳಿಸಿತು ಎಂದು ಹೇಳಿಬಿಡುವುದು ನಮ್ಮೆಲ್ಲರ ರೂಢಿ. ಲ್ಯಾಕ್ಸ್‌ಟನ್ನಿನ ದಾಖಲೆಗಳನ್ನು ಓದಿದರೆ ಅಭಿಮಾನ ಬಂದದ್ದು ಬಹಳ ತಡವಾಗಿ. ಅದಕ್ಕೂ ಮೊದಲು ಹೊಲಗಳನ್ನು ಕಾಪಾಡಿದವು ಒಡೆಯರ ಜಗಳ ಮತ್ತು ರೈತರ ಕಟ್ಟಳೆ ಎಂಬುದು ನನ್ನ ವಾದ.

ಮೊದಲಿಗೆ ಎರಡು ಪದಗಳ ವಿಷಯ ಹೇಳಬೇಕು. ಪ್ಯಾರಿಷ್ ಎಂದರೆ ಮೂಲತಃ ಒಂದು ಚರ್ಚು ಮತ್ತು ಒಬ್ಬ ಪಾದ್ರಿಯ ವ್ಯಾಪ್ತಿಗೆ ಸೇರಿದ ಪ್ರದೇಶ. 1538ರಿಂದ ಪ್ರತಿ ಪ್ಯಾರಿಷ್‌ನಲ್ಲೂ ಜ್ಞಾನಸ್ನಾನ, ಮದುವೆ ಮತ್ತು ಶವಸಂಸ್ಕಾರಗಳ ದಫ್ತರ ಇಡಬೇಕೆಂಬ ಆಜ್ಞೆ ಬಂತು. 1601ರ ಕಾಯಿದೆ ಬಡವರನ್ನು ಸಾಕುವ ಹೊಣೆಯನ್ನೂ ಅದಕ್ಕೇ ಹೊರಿಸಿತು. 1894ರಲ್ಲಿ ಚುನಾಯಿತ ಪ್ಯಾರಿಷ್ ಕೌನ್ಸಿಲುಗಳು ಹುಟ್ಟಿ, ಅದು ನಮ್ಮ ಗ್ರಾಮ ಪಂಚಾಯಿತಿಯನ್ನು ಹೋಲುವ ಆಡಳಿತ ಘಟಕವಾಯಿತು. ಮೇನರ್ ಎಂಬುದು ಬೇರೆ. ಅದು ಒಬ್ಬ ಒಡೆಯನ ಹಿಡಿತದ ಭೂಮಿ, ಅವನ ಒಕ್ಕಲುಗಳು, ಅವನ ಹೆಸರಿನಲ್ಲಿ ಕೂರುವ ನ್ಯಾಯಸಭೆ. ಆತ್ಮದ ಲೆಕ್ಕ ಪ್ಯಾರಿಷ್‌ನದು, ಹೊಲದ ಲೆಕ್ಕ ಮೇನರಿನದು ಎಂದರೆ ತಪ್ಪಾಗಲಾರದು. ಇಂಗ್ಲೆಂಡಿನಲ್ಲಿ ಸ್ಥಳೀಯ ಚರಿತ್ರೆ ಬರೆಯುವವರು ಈ ಎರಡೂ ಬಗೆಯ ಕಡತಗಳನ್ನು ಒಟ್ಟಿಗೆ ಹರಡಿಕೊಂಡೇ ಕೂರಬೇಕಾಗುತ್ತದೆ.

ಲ್ಯಾಕ್ಸ್‌ಟನ್ನಿನ ಹಳೆಯ ಕಾಲವನ್ನು ಬೇಗನೆ ದಾಟುತ್ತೇನೆ. 1086ರಲ್ಲಿ ನಾರ್ಮನ್ ದೊರೆ ವಿಲಿಯಂ ಮಾಡಿಸಿದ ಭೂದಾಖಲೆಯಲ್ಲಿ ಈ ಊರಿದೆ. ಮೊದಲು ಟೋಕಿ ಎಂಬವನ ಕೈಯಲ್ಲಿದ್ದ ಊರು ಆಗ ಜೆಫ್ರಿ ಆಲ್ಸೆಲಿನ್ ಎಂಬ ನಾರ್ಮನನ ಪಾಲಾಗಿತ್ತು. ಊರಿನ ಉತ್ತರಕ್ಕೆ ಮಣ್ಣಿನ ದಿಬ್ಬದ ಮೇಲೆ ಕಟ್ಟಿದ ಕೋಟೆಯೊಂದಿತ್ತು. ಕಟ್ಟಡ ಹೋಗಿದೆ, ದಿಬ್ಬ ಮತ್ತು ಕಂದಕ ಹುಲ್ಲು ಹೊದ್ದು ಹಾಗೇ ಇವೆ. ಅಲ್ಲಿದ್ದವರು ಷೆರ್ವುಡ್ ಕಾಡಿನ ಕಾವಲು ಹೊಣೆ ಹೊತ್ತ ಮನೆತನದವರು. ಸೇಂಟ್ ಮೈಕೇಲ್ ಚರ್ಚಿನಲ್ಲಿ ಅದೇ ಪರಂಪರೆಯ ಎವರಿಂಗ್‌ಹ್ಯಾಮ್ ಕುಟುಂಬದವರ ಮಲಗಿದ ಭಂಗಿಯ ಪ್ರತಿಮೆಗಳಿವೆ. ಅವುಗಳಲ್ಲಿ ಒಂದು ಹೆಂಗಸಿನದು, ಮರದಲ್ಲಿ ಕೆತ್ತಿದ್ದು. ಕಲ್ಲಿನ ಗಂಡಸರ ನಡುವೆ ಅಷ್ಟು ಶತಮಾನಗಳ ಹುಳುವನ್ನೂ ತೇವವನ್ನೂ ತಡೆದು ಮರದ ಹೆಂಗಸು ಉಳಿದಿರುವುದು ಸಣ್ಣ ಸೋಜಿಗವೇನಲ್ಲ.

ಈ ಊರಿನ ನಿಜವಾದ ಸಂಪತ್ತು 1635ರದು. ಆ ವರ್ಷ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಇಡೀ ಊರನ್ನು ಅಳೆದು, ಚರ್ಮದ ಹಾಳೆಗಳ ಮೇಲೆ ದೊಡ್ಡ ನಕ್ಷೆಯೊಂದನ್ನು ಬರೆದ. ಜೊತೆಗೆ ಪ್ರತಿ ತುಂಡಿಗೂ ಅದರ ಹಿಡುವಳಿದಾರನ ಹೆಸರು, ಪಕ್ಕದವರು ಯಾರು, ವಿಸ್ತೀರ್ಣ ಎಷ್ಟು ಎಂದು ಹೇಳುವ ಪಟ್ಟಿಯನ್ನೂ ಸಿದ್ಧಪಡಿಸಿದ. ನಕ್ಷೆಯಲ್ಲಿ ತೆರೆದ ಹೊಲಗಳ ಎರಡು ಸಾವಿರಕ್ಕೂ ಹೆಚ್ಚು ಪಟ್ಟೆಗಳು ಒಂದೊಂದಾಗಿ ಕಾಣುತ್ತವೆ. ಬಾಚಣಿಗೆಯ ಹಲ್ಲುಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಜೋಡಿಸಿಟ್ಟಂತೆ ತೋರುತ್ತದೆ. ಪಿಯರ್ಸ್ ಬರೀ ಗೆರೆ ಎಳೆದು ಸುಮ್ಮನಾಗಲಿಲ್ಲ. ಉಳುವವರು, ಕೊಯ್ಯುವವರು, ಹುಲ್ಲು ಒಟ್ಟುವವರು, ಜಿಂಕೆ ಬೆನ್ನಟ್ಟುವ ಬೇಟೆಗಾರರು, ಮೇಯುವ ದನಗಳು, ಎಲ್ಲವನ್ನೂ ಅವು ಇರಬೇಕಾದ ಜಾಗದಲ್ಲಿ ಪುಟ್ಟದಾಗಿ ಬರೆದ. ಊರಬೀದಿಯ ಮನೆಗಳು, ಅವುಗಳ ಹಿಂದಿನ ಉದ್ದನೆಯ ಹಿತ್ತಿಲುಗಳು ಸಹ ಅಲ್ಲಿವೆ. ಇಂದು ಆ ನಕ್ಷೆ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ.

ಅಷ್ಟು ಶ್ರಮದ ಕೆಲಸ ಮಾಡಿಸಿದವನು ಊರಿನವನಲ್ಲ. ಅವನು ಸರ್ ವಿಲಿಯಂ ಕೋರ್ಟೀನ್, ಲಂಡನ್ನಿನ ವ್ಯಾಪಾರಿ, ಧರ್ಮದ ಕಾರಣಕ್ಕೆ ಫ್ಲಾಂಡರ್ಸ್ ಬಿಟ್ಟು ಓಡಿಬಂದ ಕುಟುಂಬದ ಮಗ. ಬಾರ್ಬಡೋಸ್ ದ್ವೀಪದಲ್ಲಿ 1627ರಲ್ಲಿ ಇಂಗ್ಲಿಷರನ್ನು ನೆಲೆಗೊಳಿಸಲು ಹಣ ಹೂಡಿದವನು, ರಾಜನಿಗೇ ಸಾಲ ಕೊಟ್ಟವನು. ದೂರದ ಬಂಡವಾಳಗಾರ ಊರೊಂದನ್ನು ಕೊಂಡಾಗ ಮೊದಲು ಮಾಡಿಸುವುದು ಸರ್ವೆಯನ್ನೇ. ಯಾರು ಎಷ್ಟು ಹಿಡಿದಿದ್ದಾರೆ, ಯಾರಿಂದ ಎಷ್ಟು ಗೇಣಿ ಎತ್ತಬಹುದು ಎಂಬುದು ಅವನಿಗೆ ತಿಳಿಯಬೇಕು. ಇಂದು ನಾವು ಚರಿತ್ರೆಯ ನಿಧಿ ಎಂದು ನೋಡುವ ನಕ್ಷೆ ಹುಟ್ಟಿದ್ದು ಲಾಭದ ಲೆಕ್ಕಕ್ಕೆ.

ಇಲ್ಲಿ ಕರ್ನಾಟಕದ ಕೇಳುಗರಿಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಲ್ಯಾಕ್ಸ್‌ಟನ್ನಿನ ನಕ್ಷೆ ಸಿದ್ಧವಾದ ಅದೇ 1635ರ ಡಿಸೆಂಬರಿನಲ್ಲಿ, ಈಸ್ಟ್ ಇಂಡಿಯಾ ಕಂಪನಿಗೆ ಪೈಪೋಟಿಯಾಗಿ ಪೂರ್ವದೇಶಗಳೊಡನೆ ವ್ಯಾಪಾರ ಮಾಡಲು ಕೋರ್ಟೀನನ ಬಳಗಕ್ಕೆ ಒಂದನೆಯ ಚಾರ್ಲ್ಸ್ ದೊರೆ ಅನುಮತಿ ಕೊಟ್ಟ. 1636ರ ಏಪ್ರಿಲಿನಲ್ಲಿ ಜಾನ್ ವೆಡಲ್‌ನ ನಾಯಕತ್ವದಲ್ಲಿ ಹಡಗುಗಳು ಹೊರಟವು. ಅವು ಗೋವೆ ಮುಟ್ಟುವ ಮೊದಲೇ ಕೋರ್ಟೀನ್ ತೀರಿಕೊಂಡಿದ್ದ. ವ್ಯವಹಾರ ಮಗನ ಕೈಗೆ ಬಂದಿತ್ತು. 1637ರಲ್ಲಿ ಹಡಗುಗಳು ಭಟ್ಕಳಕ್ಕೆ ಬಂದವು. ಆ ತಂಡದಲ್ಲಿದ್ದ ಪೀಟರ್ ಮಂಡಿ ಇಕ್ಕೇರಿಗೆ ಹೋಗಿ ಕೆಳದಿಯ ವೀರಭದ್ರ ನಾಯಕನ ಆಸ್ಥಾನವನ್ನು ಕಂಡು ಬರೆದಿಟ್ಟ ವಿವರಗಳು ನಮ್ಮ ಚರಿತ್ರೆಕಾರರಿಗೆ ಪರಿಚಿತವೇ. ಕಾರವಾರದ ಕೋಠಿಯನ್ನು 1638ರಲ್ಲಿ ತೆರೆದವರೂ ಈ ಕೋರ್ಟೀನ್ ಅಸೋಸಿಯೇಷನ್ನಿನವರೇ. ಹೀಗೆ ನಾಟಿಂಗ್‌ಹ್ಯಾಮ್‌ಶೈರಿನ ಗೋಧಿ ಹೊಲದ ಗೇಣಿ ಮತ್ತು ಮಲೆನಾಡಿನ ಮೆಣಸು ಕೆಲಕಾಲ ಒಂದೇ ಮನೆತನದ ಲೆಕ್ಕಪುಸ್ತಕಗಳಲ್ಲಿ ಸೇರಿದ್ದವು. ಕೋರ್ಟೀನರ ಸಂಪತ್ತು ಬೇಗನೆ ಕರಗಿತು. ಊರು ಪಿಯರ್‌ಪಾಂಟ್ ಎಂಬ ಶ್ರೀಮಂತ ಮನೆತನಕ್ಕೆ ಹೋಯಿತು. ಈ ಮನೆತನವೇ ಮುಂದೆ ಕಿಂಗ್‌ಸ್ಟನ್ನಿನ ಡ್ಯೂಕರಾಗಿ, ಅವರ ನಂತರ ಅರ್ಲ್ ಮ್ಯಾನ್‌ವರ್ಸ್ ಎಂಬ ಬಿರುದಿನಿಂದ, ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ಲ್ಯಾಕ್ಸ್‌ಟನ್ನಿನ ಒಡೆತನ ನಡೆಸಿತು.

ಇನ್ನು ಹೊಲಗಳ ವಿಷಯ. ತೆರೆದ ಹೊಲ ಎಂದರೆ ಬೇಲಿಯೂ ಬದುವೂ ಇಲ್ಲದ, ನೂರಾರು ಎಕರೆಯ ಒಂದೇ ಹರವು. ಅದರೊಳಗೆ ಒಬ್ಬೊಬ್ಬ ರೈತನ ಪಟ್ಟೆಗಳು ಚದುರಿರುತ್ತವೆ. ಒಬ್ಬನ ಭೂಮಿ ಒಂದೇ ಕಡೆ ಇರುವುದಿಲ್ಲ. ಪಶ್ಚಿಮದ ಹೊಲದಲ್ಲಿ ಕೆಲವು ಪಟ್ಟೆ, ದಕ್ಷಿಣದ ಹೊಲದಲ್ಲಿ ಕೆಲವು, ಗಿರಣಿ ಹೊಲದಲ್ಲಿ ಇನ್ನು ಕೆಲವು. ಒಂದೇ ದಿಕ್ಕಿಗೆ ಸಾಗುವ ಪಟ್ಟೆಗಳ ಒಂದು ಗುಂಪಿಗೆ ಫರ್ಲಾಂಗ್ ಎಂದು ಹೆಸರು. ನಮ್ಮ ಹಿರಿಯರು ದಾರಿಯನ್ನು ಲೆಕ್ಕ ಹಾಕುತ್ತಿದ್ದ ಫರ್ಲಾಂಗೂ ಇದೇ. ಪದದ ಮೂಲಾರ್ಥ ಒಂದು ಸಾಲಿನ ಉದ್ದ. ಹಳೆಯ ಪಟ್ಟೆಗಳು ಸರಳರೇಖೆಯಲ್ಲಿ ಇರುತ್ತಿರಲಿಲ್ಲ. ಸಾಲುಸಾಲಾಗಿ ಕಟ್ಟಿದ ಎತ್ತುಗಳು ತುದಿಯಲ್ಲಿ ತಿರುಗಬೇಕಾದರೆ ಅಲ್ಲಿಗೆ ಮುಟ್ಟುವ ಮೊದಲೇ ಒಂದು ಬದಿಗೆ ವಾಲಬೇಕು. ಎರಡೂ ತುದಿಯಲ್ಲಿ ಹಾಗೆ ವಾಲಿ ವಾಲಿ ಪಟ್ಟೆಯೇ ನಿಧಾನವಾದ ಬಳುಕು ಪಡೆಯಿತು. ಮಣ್ಣನ್ನು ಸದಾ ನಡುವಿನ ಕಡೆಗೇ ಮಗುಚುತ್ತಿದ್ದುದರಿಂದ ಪಟ್ಟೆಯ ನಡು ಉಬ್ಬಿ, ಎರಡು ಪಟ್ಟೆಗಳ ನಡುವೆ ತಗ್ಗು ಬಿದ್ದು, ಆ ತಗ್ಗಿನಲ್ಲೇ ಮಳೆಯ ನೀರು ಹರಿದುಹೋಗುತ್ತಿತ್ತು. ಲ್ಯಾಕ್ಸ್‌ಟನ್ನಿನದು ಕೆಂಪು ಜೇಡಿ ನೆಲ. ನೀರು ನಿಂತರೆ ಬೆಳೆ ಹೋದಂತೆಯೇ. ಕಾಲುವೆಯೂ ಗಡಿಯೂ ಒಂದೇ ಆಗಿದ್ದ ಈ ಏರ್ಪಾಡು ಯಾರೋ ಕೂತು ಯೋಚಿಸಿ ರೂಪಿಸಿದ್ದಲ್ಲ, ನೇಗಿಲು ಹೋದ ದಾರಿಯಲ್ಲಿ ತಾನಾಗಿ ಮೂಡಿದ್ದು.

ಪಟ್ಟೆಗಳು ಏಕೆ ಹೀಗೆ ಚದುರಿದವು ಎಂಬ ಚರ್ಚೆ ಇಂಗ್ಲಿಷ್ ಚರಿತ್ರೆಕಾರರಲ್ಲಿ ಒಂದು ಶತಮಾನದಿಂದ ನಡೆದಿದೆ. ಒಳ್ಳೆಯ ನೆಲ, ಕೆಟ್ಟ ನೆಲ ಎಲ್ಲರಿಗೂ ಸಮನಾಗಿ ಸಿಗಲೆಂದು ಎನ್ನುವವರಿದ್ದಾರೆ. ಒಂದು ಕಡೆ ಬೆಳೆ ಕೆಟ್ಟರೆ ಇನ್ನೊಂದು ಕಡೆ ಕೈಹಿಡಿಯಲೆಂದು, ಅಂದರೆ ವಿಮೆಯ ಹಾಗೆ, ಎನ್ನುವ ಅರ್ಥಶಾಸ್ತ್ರಜ್ಞರಿದ್ದಾರೆ. ಎತ್ತು ನೇಗಿಲುಗಳನ್ನು ಹಂಚಿಕೊಂಡು ಒಟ್ಟಿಗೆ ಉತ್ತವರು ದಿನದ ಉಳುಮೆಯನ್ನು ಸರದಿಯಂತೆ ಹಂಚಿಕೊಂಡರು ಎನ್ನುವವರೂ ಇದ್ದಾರೆ. ಈ ಕೊನೆಯ ವಾದವನ್ನು ಬಲವಾಗಿ ಮಂಡಿಸಿದವರು ಆಕ್ಸ್‌ಫರ್ಡ್‌ನ ಕೃಷಿ ಅರ್ಥಶಾಸ್ತ್ರಜ್ಞ ಆರ್ವಿನ್ ಮತ್ತು ಅವರ ಪತ್ನಿ. 1938ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಕೇಂದ್ರ ಲ್ಯಾಕ್ಸ್‌ಟನ್ನೇ. ಪುಸ್ತಕದ ಮುಂದೆ ಕೂತು ಊಹಿಸುವುದನ್ನು ಬಿಟ್ಟು ನೇಗಿಲಿನ ಹಿಂದೆ ನಡೆದು ನೋಡಿ ಎಂಬುದು ಅವರ ಮಾತಿನ ತಾತ್ಪರ್ಯ. ನನಗೆ ಆ ದಾರಿ ಹಿಡಿಸುತ್ತದೆಯಾದರೂ, ಆರೇಳು ಶತಮಾನ ಬಾಳಿದ ಪದ್ಧತಿಗೆ ಒಂದೇ ಕಾರಣ ಹುಡುಕುವುದು ಸರಿಯೆನಿಸುವುದಿಲ್ಲ.

ಬೆಳೆಯ ಸರದಿ ಮೂರು ವರ್ಷದ್ದು. ಒಂದು ಹೊಲಕ್ಕೆ ಚಳಿಗಾಲದ ಮೊದಲು ಗೋಧಿ ಬಿತ್ತುತ್ತಾರೆ. ಎರಡನೆಯದಕ್ಕೆ ವಸಂತದಲ್ಲಿ ಬಾರ್ಲಿಯನ್ನೋ ಬಟಾಣಿ ಅವರೆಗಳಂಥ ಕಾಳನ್ನೋ ಬಿತ್ತುತ್ತಾರೆ. ಮೂರನೆಯದನ್ನು ಬೀಳು ಬಿಡುತ್ತಾರೆ. ಈಗ ಬೀಳಿನ ವರ್ಷದಲ್ಲಿ ಮೇವು ಬೆಳೆಯುವುದೂ ಉಂಟು. ಮರುವರ್ಷ ಸರದಿ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿ ಎಂದರೆ ನನ್ನ ಪಟ್ಟೆ ನನ್ನದೇ ಆಗಿದ್ದರೂ ಅದರಲ್ಲಿ ಏನು ಬೆಳೆಯಬೇಕು, ಯಾವಾಗ ಕೊಯ್ದು ಮುಗಿಸಬೇಕು ಎಂಬುದು ನನ್ನೊಬ್ಬನ ತೀರ್ಮಾನವಲ್ಲ. ಹಿಂದೆ ಕೊಯ್ಲು ಮುಗಿದ ಕೂಡಲೇ ಊರಿನ ದನ ಕುರಿಗಳನ್ನು ಕೂಳೆ ಮೇಯಲು ಬಿಡುತ್ತಿದ್ದರು. ಬೇಲಿಯಿಲ್ಲದ ಹೊಲದ ನಡುವೆ ಒಬ್ಬನ ಬೆಳೆ ಮಾತ್ರ ನಿಂತಿದ್ದರೆ ಅದರ ಗತಿ ಏನಾಗುತ್ತಿತ್ತೆಂದು ಹೇಳಬೇಕಿಲ್ಲ. ನೇಗಿಲು ಹೋಗದ ಇಳಿಜಾರು ಮತ್ತು ಹಳ್ಳದ ಬದಿಗಳನ್ನು ಹುಲ್ಲಿಗೆ ಬಿಡುತ್ತಾರೆ. ಅವನ್ನು ಅಲ್ಲಿಯವರು ಸೈಕ್ ಎನ್ನುತ್ತಾರೆ. ಅವುಗಳ ಹುಲ್ಲನ್ನು ವರ್ಷಕ್ಕೊಮ್ಮೆ ಹರಾಜು ಹಾಕಿ, ಬಂದ ಹಣವನ್ನು ಹಕ್ಕಿರುವವರಲ್ಲಿ ಹಂಚುತ್ತಾರೆ. ತಲೆಮಾರುಗಳಿಂದ ಉಳುಮೆ ಕಾಣದ ಆ ಅಂಚುಗಳಲ್ಲಿ ಕಾಡುಹೂಗಳು ಉಳಿದಿರುವುದರಿಂದ ಅವಕ್ಕೆ ಇಂದು ಪರಿಸರ ಸಂರಕ್ಷಣೆಯ ಕಾನೂನಿನ ರಕ್ಷಣೆಯೂ ಇದೆ.

ಇಷ್ಟೆಲ್ಲವನ್ನೂ ನಡೆಸುವುದು ಕೋರ್ಟ್ ಲೀಟ್ ಎಂಬ ಮೇನರಿನ ನ್ಯಾಯಸಭೆ. ನವೆಂಬರ್ ಕೊನೆಯಲ್ಲಿ, ಗೋಧಿ ಬಿತ್ತಿದ ಹೊಲಕ್ಕೆ ರೈತರೇ ಆದ ಪಂಚರು ಹೊರಡುತ್ತಾರೆ. ಅವರನ್ನು ಅಲ್ಲಿ ಜ್ಯೂರಿ ಎಂದು ಕರೆಯುತ್ತಾರೆ, ಅವರಿಗೊಬ್ಬ ಮುಂದಾಳು. ಜ್ಯೂರಿಯವರು ಒಂದೊಂದು ಪಟ್ಟೆಯ ತುದಿಯನ್ನೂ ನೋಡಿ, ಗಡಿ ಎಲ್ಲಿದೆ ಎಂದು ತೀರ್ಮಾನಿಸಿ, ಅಲ್ಲಿ ಗೂಟ ಹೊಡೆಯುತ್ತಾರೆ. ಯಾರಾದರೂ ದಾರಿಯನ್ನೋ ಸೈಕನ್ನೋ ಒತ್ತಿ ಉತ್ತಿದ್ದರೆ, ಕಾಲುವೆ ತೆಗೆಯದೆ ಬಿಟ್ಟಿದ್ದರೆ ಅದನ್ನು ಬರೆದುಕೊಳ್ಳುತ್ತಾರೆ. ಒಂದು ವಾರದ ನಂತರ ಊರಿನ ಡವ್‌ಕೋಟ್ ಇನ್ ಎಂಬ ಪಬ್ಬಿನಲ್ಲಿ ಒಡೆಯನ ಪರವಾಗಿ ಸ್ಟೂವರ್ಡ್ ಎಂಬ ಅಧಿಕಾರಿ ಕೂರುತ್ತಾನೆ. ಜ್ಯೂರಿ ತಾನು ಕಂಡದ್ದನ್ನು ಒಪ್ಪಿಸುತ್ತದೆ. ತಪ್ಪಿದವರಿಗೆ ದಂಡ ಬೀಳುತ್ತದೆ. ದಂಡದ ಮೊತ್ತ ದೊಡ್ಡದೇನಲ್ಲ. ಆದರೆ ದಂಡ ಬಿದ್ದವನ ಹೆಸರು ಇಡೀ ಊರಿನ ಎದುರು ಓದಲಾಗುತ್ತದೆ, ಅದನ್ನು ಹೇಳುವವರು ಅವನ ಪಕ್ಕದ ಪಟ್ಟೆಯವರೇ. ಹಿಂದೆ ಬೀಡಾಡಿ ದನಗಳನ್ನು ಕೂಡುವ ದೊಡ್ಡಿಯೂ ಅದನ್ನು ನೋಡಿಕೊಳ್ಳುವ ಪಿಂಡರ್ ಎಂಬ ನೌಕರನೂ ಈ ಸಭೆಯ ಅಧೀನದಲ್ಲೇ ಇದ್ದರು. ದನದ ದೊಡ್ಡಿ ಕಂಡ ನಮ್ಮ ಹಳ್ಳಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1977ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಇಂಥ ಹಳೆಯ ನ್ಯಾಯಸಭೆಗಳ ಅಧಿಕಾರವನ್ನು ಒಟ್ಟಾರೆ ತೆಗೆದುಹಾಕಿದಾಗಲೂ ಲ್ಯಾಕ್ಸ್‌ಟನ್ನಿನದಕ್ಕೆ ವಿನಾಯಿತಿ ಕೊಟ್ಟಿತು. ಡೆವನ್ನಿನ ಬ್ರಾಂಟನ್‌ನಲ್ಲೂ ಲಿಂಕನ್‌ಶೈರಿನ ಆಕ್ಸ್‌ಹೋಮ್ ಪ್ರದೇಶದಲ್ಲೂ ತೆರೆದ ಹೊಲದ ಪಟ್ಟೆಗಳು ಇಂದಿಗೂ ಕಾಣಸಿಗುತ್ತವೆ. ಅವುಗಳನ್ನು ಆಳುವ ಇಂಥ ಸಭೆ ಮಾತ್ರ ಇಲ್ಲ.

ಹಾಗಾದರೆ ಉಳಿದ ಊರುಗಳಲ್ಲಿ ಆದದ್ದೇನು? 1604ರಿಂದ 1914ರವರೆಗೆ ಇಂಗ್ಲೆಂಡಿನಲ್ಲಿ ಹೊಲಗಳಿಗೂ ಊರೊಟ್ಟಿನ ಹುಲ್ಲುಗಾವಲುಗಳಿಗೂ ಬೇಲಿ ಹಾಕಲು 5,200ಕ್ಕೂ ಹೆಚ್ಚು ಕಾಯಿದೆಗಳು ಪಾಸಾದವು. ಅವು ಮುಟ್ಟಿದ ನೆಲ ಸುಮಾರು 68 ಲಕ್ಷ ಎಕರೆ. ಚದುರಿದ ಪಟ್ಟೆಗಳನ್ನು ಒಟ್ಟುಗೂಡಿಸಿ ಒಬ್ಬೊಬ್ಬರಿಗೆ ಒಂದೊಂದು ಕಡೆ ಕೊಟ್ಟು, ಸುತ್ತ ಮುಳ್ಳುಬೇಲಿ ಬೆಳೆಸಿದರು. ಇಳುವರಿ ಹೆಚ್ಚಿತು, ಗೇಣಿ ಅದಕ್ಕಿಂತ ಹೆಚ್ಚಿತು. ಒಂದೆರಡು ಹಸು, ನಾಲ್ಕು ಕುರಿ ಇಟ್ಟುಕೊಂಡು ಊರೊಟ್ಟಿನ ಹುಲ್ಲಿನ ಮೇಲೆ ಬದುಕುತ್ತಿದ್ದ ಬಡವನಿಗೆ ಕಾಗದದ ಮೇಲೆ ಹಕ್ಕಿರಲಿಲ್ಲ. ಹಂಚಿಕೆಯಲ್ಲಿ ಅವನ ಪಾಲಿಗೆ ಸಿಕ್ಕಿದ್ದು ಕೂಲಿ.

ಲ್ಯಾಕ್ಸ್‌ಟನ್ನಿನ ಒಡೆಯರಿಗೆ ಬೇಲಿ ಬೇಡವಾಗಿತ್ತೆಂದು ಭಾವಿಸಬಾರದು. ಪ್ಯಾರಿಷ್‌ನ ಎಲ್ಲ ನೆಲವೂ ಎಂದಿಗೂ ತೆರೆದ ಹೊಲವಾಗಿರಲಿಲ್ಲ. 1635ರ ನಕ್ಷೆಯಲ್ಲೇ ಬೇಲಿಯೊಳಗಿನ ತಾಕುಗಳಿವೆ, ಮುಂದಿನ ಶತಮಾನದಲ್ಲಿ ಅವು ಇನ್ನಷ್ಟು ಹೆಚ್ಚಿದವು. ಪೂರ್ತಿ ಬೇಲಿ ಹಾಕಲು ಅಡ್ಡ ಬಂದದ್ದು ಒಡೆತನ. ಮ್ಯಾನ್‌ವರ್ಸ್ ಮನೆತನದ ಜೊತೆಗೆ ಅರ್ಲ್ ಆಫ್ ಸ್ಕಾರ್‌ಬರೋ ಎಂಬ ಇನ್ನೊಬ್ಬ ದೊಡ್ಡ ಹಿಡುವಳಿದಾರನಿದ್ದ. ಅವರ ನಡುವೆ ಸಣ್ಣ ಸಣ್ಣ ಸ್ವಂತ ಹಿಡುವಳಿಗಳೂ ಇದ್ದವು. ದೊಡ್ಡವರಿಬ್ಬರಿಗೂ ಹೊಂದಾಣಿಕೆ ಆಗಲಿಲ್ಲ. ಅವರು ಭೂಮಿ ಅದಲುಬದಲು ಮಾಡಿಕೊಳ್ಳುವ ಹೊತ್ತಿಗೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧ ಬಂದಿತ್ತು. ಬೇಗನೆ ಅಮೆರಿಕದ ಅಗ್ಗದ ಗೋಧಿ ಇಂಗ್ಲೆಂಡನ್ನು ಮುಟ್ಟಿ ಕೃಷಿಯ ಲಾಭ ಕುಸಿಯಿತು. ಬೇಲಿಗೆ ಹಣ ಹಾಕುವ ಉತ್ಸಾಹ ಯಾರಿಗೂ ಉಳಿಯಲಿಲ್ಲ ಎಂದು ನಾನು ಊಹಿಸುತ್ತೇನೆ. ಆ ಶತಮಾನಗಳುದ್ದಕ್ಕೂ ಹೊಲ ಹಾಳಾಗದಂತೆ ನೋಡಿಕೊಂಡದ್ದು ರೈತರ ಸಭೆ. ಜಗಳದಿಂದ ಬೇಲಿ ತಪ್ಪಿತೇನೋ ನಿಜ. ಕಟ್ಟಳೆ ಇಲ್ಲದಿದ್ದರೆ ಆ ಪಟ್ಟೆಗಳು ಒತ್ತುವರಿಯಲ್ಲೇ ಕರಗಿಹೋಗುತ್ತಿದ್ದವು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮ್ಯಾನ್‌ವರ್ಸ್ ಜಮೀನ್ದಾರಿ ಪಟ್ಟೆಗಳನ್ನು ಕೂಡಿಸಿ, ಅಗಲಗೊಳಿಸಿ, ಸಂಖ್ಯೆ ತಗ್ಗಿಸಿತು. ಅಂದರೆ ಇಂದು ಅಲ್ಲಿಗೆ ಹೋದವರು ಕಾಣುವುದು ಪಿಯರ್ಸ್ ಬರೆದ ಪಟ್ಟೆಗಳನ್ನಲ್ಲ. ಆಗಿನ ನಾಲ್ಕು ಹೊಲಗಳಲ್ಲಿ ಪೂರ್ವದ ಹೊಲ ಈಗಿಲ್ಲ. ಉಳಿದ ಮೂರರ ವಿಸ್ತೀರ್ಣ ಸುಮಾರು 480 ಎಕರೆ. ಅಲ್ಲಿ ಓಡುವುದು ಟ್ರ್ಯಾಕ್ಟರು. ರೈತರು ಗೇಣಿದಾರರು, ಅವರಿಗೆ ತೆರೆದ ಹೊಲದ ಪಟ್ಟೆಗಳ ಜೊತೆಗೆ ಬೇಲಿಯೊಳಗಿನ ಜಮೀನೂ ಇದೆ. ಅಲ್ಲಿಯದು ಮಧ್ಯಯುಗದ ವೇಷ ಹಾಕಿದ ನಾಟಕವಲ್ಲ ಎಂಬ ಕಾರಣಕ್ಕೇ ನನಗೆ ಅದರ ಮೇಲೆ ಗೌರವ.

ಅಭಿಮಾನ ಬಂದದ್ದು ಆರ್ವಿನ್ ದಂಪತಿಗಳ ಅಧ್ಯಯನದ ನಂತರ. 1952ರಲ್ಲಿ ಕೊನೆಯ ಅರ್ಲ್ ಮ್ಯಾನ್‌ವರ್ಸ್ ಊರನ್ನು ಬ್ರಿಟಿಷ್ ಸರ್ಕಾರದ ಕೃಷಿ ಸಚಿವಾಲಯಕ್ಕೆ ಮಾರಿದ. ಹೊಲಗಳ ಪದ್ಧತಿ ಉಳಿಯಲಿ ಎಂಬ ಉದ್ದೇಶ ಆ ಮಾರಾಟದಲ್ಲೇ ಇತ್ತು. 1981ರಲ್ಲಿ ಅದು ಬ್ರಿಟಿಷ್ ರಾಜಪೀಠದ ಆಸ್ತಿಗಳನ್ನು ನೋಡಿಕೊಳ್ಳುವ ಕ್ರೌನ್ ಎಸ್ಟೇಟ್ ಎಂಬ ಸಂಸ್ಥೆಗೆ ಹೋಯಿತು. 2020ರಲ್ಲಿ ಕ್ರೌನ್ ಎಸ್ಟೇಟಿನವರು ಅದನ್ನು ಥೋರ್ಸ್‌ಬಿ ಎಸ್ಟೇಟಿಗೆ, ಅಂದರೆ ಹಳೆಯ ಪಿಯರ್‌ಪಾಂಟ್ ಮನೆತನದ ವಾರಸುದಾರರಿಗೆ, ಮತ್ತೆ ಮಾರಿದರು. ಮೂರೂ ಬಾರಿ ಒಡೆಯ ಬದಲಾದ. ನವೆಂಬರಿನ ಕೆಲಸ ಬದಲಾಗಲಿಲ್ಲ.

ಗಡಿಯ ಬಗ್ಗೆ ತಕರಾರು ಎದ್ದರೆ ಪಿಯರ್ಸ್‌ನ ನಕ್ಷೆಯಿಂದ ಈಗ ಯಾವ ಪ್ರಯೋಜನವೂ ಇಲ್ಲ. ಅದರ ಪಟ್ಟೆಗಳೇ ಅಳಿಸಿಹೋಗಿವೆ. ತೀರ್ಮಾನ ಹೇಳುವುದು ಗೂಟ. ಗೋಧಿ ಹೊಲವನ್ನು ನೋಡಿ ಮುಗಿಸಿದ ಜ್ಯೂರಿ ಡಿಸೆಂಬರಿನ ಮೊದಲ ವಾರದಲ್ಲಿ ತನ್ನ ಪಟ್ಟಿ ಒಪ್ಪಿಸಿ ಇಳಿಯುತ್ತದೆ. ಅದೇ ಸಭೆಯಲ್ಲಿ, ಮುಂದಿನ ವರ್ಷ ಗೋಧಿ ಬೀಳಲಿರುವ ಹೊಲವನ್ನು ನೋಡಬೇಕಾದವರು ಪ್ರಮಾಣ ಮಾಡುತ್ತಾರೆ.